ದಕ್ಷಿಣಕ್ಕೆ ಮುಖ

ಇಂಗಿನ ವಾಸನೆ ಇನ್ನೂ ಬೆರಳಲ್ಲೇ ಇದೆ, ಉಪ್ಪುನೀರಲ್ಲಿ ಅದ್ದಿ ಉಜ್ಜಿದರೂ ಹೋಗಿಲ್ಲ, ಡಬ್ಬಿಯನ್ನು ಬಿಸಿನೀರಲ್ಲಿ ತೊಳೆದು, ಕಿಟಕಿಯಲ್ಲಿ ಒಣಗಿಸಿ, ಆಮೇಲೆ ತಾನೇ ಅವಳನ್ನು ಅದರೊಳಗೆ ಹಾಕಿದ್ದು — ಅವಳನ್ನು ಎಂದುಬಿಟ್ಟೆ, ಅವಳ ಬೂದಿಯನ್ನು, ಒಂದು ಹಿಡಿ, ಉಳಿದದ್ದನ್ನು ಶ್ರೀರಂಗಪಟ್ಟಣಕ್ಕೆ ಒಯ್ದು ಪಶ್ಚಿಮವಾಹಿನಿಯಲ್ಲಿ ಬಿಟ್ಟದ್ದಾಗಿದೆ — ನಮ್ಮ ಐಂಡ್‌ಹೋವನ್ ಮನೆಯಲ್ಲಿ ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿ ಎಂದರೆ ಅದೊಂದೇ, ಸರಳಾ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಕೊನೆಗೂ ನನ್ನನ್ನ ಒಗ್ಗರಣೆಗೆ ಹಾಕಿಬಿಟ್ರಲ್ಲ ರೀ. ನಗಬೇಡ, ನಡೆಯುತ್ತಿದ್ದೇನೆ, ಎದೆವರೆಗೆ ಏರಿಸಿಕೊಂಡ ಈ ರಬ್ಬರ್ ಪ್ಯಾಂಟಿನಲ್ಲಿ ನಡೆಯುವುದೇ ಒಂದು ಸರ್ಕಸ್ಸು, ನೀರು ಮೊಣಕಾಲಿನ ಹತ್ತಿರ ಇದೆ, ಮರಳು ಗಟ್ಟಿಯಾಗಿದೆ, ಮುಂದೆ ಬಿಳಿ, ಪಕ್ಕದಲ್ಲಿ ಬಿಳಿ, ಹಿಂದೆ ಏನಿದೆಯೋ ಗೊತ್ತಿಲ್ಲ, ಗೊತ್ತಾಗುವ ಹಾಗೂ ಇಲ್ಲ, ಅಸ್ಥಿ ಬಿಟ್ಟ ಮೇಲೆ ತಿರುಗಿ ನೋಡಬಾರದು. ನರಹರಿ ಜೋಯಿಸರು ಮೈಸೂರಿನಿಂದ ವಿಡಿಯೋದಲ್ಲಿ ಬೆರಳೆತ್ತಿ ಹೇಳಿದ್ದಾರೆ, ಯಾರು ಕರೆದ್ರೂ ತಿರುಗಬೇಡಿ ಶೇಷಾದ್ರಿ, ಕರೀತಾರೆ, ನಿಮ್ಮ ಮನಸ್ಸು ಯಾವ ದನಿಗೆ ಕರಗುತ್ತೋ ಆ ದನೀಲೇ ಕರೀತಾರೆ, ತಿರುಗಿದ್ರೋ, ಹೊರಟೋರು ನಿಂತುಬಿಡ್ತಾರೆ, ನಿಮ್ಮ ಜೊತೇಲೇ ಬಂದುಬಿಡ್ತಾರೆ, ಆಮೇಲೆ ಅವರಿಗೂ ಗತಿ ಇಲ್ಲ ನಿಮಗೂ ನೆಮ್ಮದಿ ಇಲ್ಲ. ಸರಿ ಜೋಯಿಸರೇ ಎಂದೆ. ಕಂಪ್ಯೂಟರ್ ಚಿಪ್ ಮಾಡುವ ಯಂತ್ರದ ಕನ್ನಡಿಗಳನ್ನು ಕೂದಲೆಳೆಗಿಂತ ಸಣ್ಣ ಅಳತೆಗೆ ಸರಿಹೊಂದಿಸಿ ಸಂಬಳ ಎಣಿಸುವವನು ನಾನು, ಅವಳು ಬೆಕ್ಕು ಅಡ್ಡ ಬಂತು ಎಂದು ಸೈಕಲ್ ನಿಲ್ಲಿಸಿದರೆ ಡಚ್ಚರ ಬೆಕ್ಕಿಗೆ ನಿನ್ನ ಶಕುನ ಗೊತ್ತಿಲ್ಲ ಕಣೇ ಎಂದು ಛೇಡಿಸುತ್ತಿದ್ದವನು, ಈಗ ಕತ್ತು ಬಿಗಿಹಿಡಿದು ನಡೆಯುತ್ತಿದ್ದೇನೆ. ಪಶ್ಚಿಮವಾಹಿನಿಯಲ್ಲಿ ಇದು ಕಷ್ಟವೇ ಆಗಲಿಲ್ಲ, ಅಲ್ಲಿ ಹಿಂದೆ ಇದ್ದದ್ದು ಬರೀ ನದಿ, ಜನ, ತೇಲುವ ಬಾಳೆಲೆ, ಅವಳು ಅಲ್ಲಿರಲಿಲ್ಲ. ಇಲ್ಲಿ ಇದ್ದಾಳೆ, ಬೆನ್ನ ಹಿಂದೆಯೇ ಇದ್ದಾಳೆ, ಕುತ್ತಿಗೆಯ ಹಿಂಭಾಗ ಅದನ್ನು ಹೇಳುತ್ತಿದೆ.

ಇಲ್ಲಿ ಎಂದರೆ ಈ ಡಚ್ಚರ ದೇಶದ ಉತ್ತರದ ಕೊನೆ, ಗ್ರೋನಿಂಗನ್ ದಾಟಿ, ಹಳ್ಳಿಗಳು ಮುಗಿದು, ಕುರಿ ಮೇಯುವ ಒಡ್ಡು ಬಂದು, ಒಡ್ಡಿನ ಬುಡದಲ್ಲಿ, ಗಾಳ ಹಾಕುವವರಿಗೆ ದಾರಿ ತೋರಿಸುವ ಯೆಲ್ಲೆ ಎಂಬ ಡಚ್ಚಿನವನ ಮರದ ಲಾಡ್ಜು, ಅಲ್ಲಿಂದಾಚೆಗೆ ದಿನಕ್ಕೆರಡು ಸಲ ನೆಲವಾಗಿ ಎರಡು ಸಲ ಸಮುದ್ರವಾಗುವ ಕೆಸರು ಬಯಲು. ವಸಂತ ಬಂತೆಂದರೆ ಸರಳಾ ರಜೆ ಹಾಕಿ ಇಲ್ಲಿಗೆ ಹೊರಡುತ್ತಿದ್ದಳು, ಗಾಳದ ಕೋಲಿನ ಉದ್ದನೆಯ ಚೀಲ ಬೆನ್ನಿಗೆ ಹಾಕಿಕೊಂಡು, ಡಬ್ಬಿಯಲ್ಲಿ ಪುಳಿಯೋಗರೆ ಕಟ್ಟಿಕೊಂಡು, ನೀರಾವರಿ ಇಲಾಖೆಯಂಥ ಒಂದು ಕಚೇರಿಯಲ್ಲಿ ಅವಳಿಗೆ ಕೆಲಸ, ತೂಬಿನ ಪಕ್ಕ ಮೀನುಗಳಿಗೆಂದು ಕಟ್ಟಿದ ದಾರಿಯಲ್ಲಿ ಯಾವ ಮೀನು ಹೋಯಿತು ಯಾವುದು ಬಂತು ಎಂದು ಕ್ಯಾಮೆರಾದಲ್ಲಿ ನೋಡುವುದು, ಹಾಗೆ ನೋಡುತ್ತಾ ನೋಡುತ್ತಾ ಒಂದು ಜಾತಿಗೆ ಮನಸೋತಳು, ಝೇಫೊರೆಲ್, ಕಡಲ ಟ್ರೌಟ್, ಹೊಳೆಯಲ್ಲಿ ಹುಟ್ಟಿ ಸಮುದ್ರಕ್ಕೆ ಹೋಗಿ ಬೆಳ್ಳಿಯಾಗಿ ಬೆಳೆದು ವಾಸನೆ ಹಿಡಿದು ಹುಟ್ಟಿದ ಹೊಳೆಗೇ ವಾಪಸಾಗುವ ಮೀನು. ಮೀನು ಬೇಯಿಸುವ ವಾಸನೆ ಬಂದರೆ ಕಿಟಕಿ ಮುಚ್ಚುವ ನಮ್ಮ ಮನೆಯ ಹೆಂಗಸು ಮೀನು ಹಿಡಿಯಲು ಹೊರಟಳು ಎಂದು ಯುಗಾದಿಯ ಕೂಟದಲ್ಲಿ ನಗೆ, ಏನ್ ಸರಳಾ ನಿಮ್ಮನೇಲಿ ಇವತ್ತು ಸ್ಪೆಷಲ್ಲಾ, ಅವಳು ಹೋಳಿಗೆ ಬಡಿಸುತ್ತಾ ಹಿಡಿದು ಬಿಡೋದು ಕಣ್ರೀ, ಇಲ್ಲಿ ಕಾನೂನೇ ಹಾಗಿದೆ, ತಿನ್ನೋ ಹಾಗೇ ಇಲ್ಲ, ನಮ್ಮಂಥೋರಿಗೆ ಅಂತಲೇ ಮಾಡಿದ ಆಟ. ನಾನು ಮಾತ್ರ ಒಂದು ಸಲವೂ ಜೊತೆಗೆ ಬರಲಿಲ್ಲ, ತಿನ್ನದ ಮೀನಿಗೆ ತಣ್ಣೀರಲ್ಲಿ ನಿಲ್ಲೋದು ಯಾವ ಸುಖ ಎಂದೆ, ಅವಳು ಸೋಫಾದಲ್ಲಿ ಪಕ್ಕಕ್ಕೆ ಬಂದು ಫೋನು ತೋರಿಸಿದಳು, ಯೆಲ್ಲೆ ತೆಗೆದ ವಿಡಿಯೋ, ಇದನ್ನ ನೋಡಿ ಆಮೇಲೆ ಮಾತಾಡಿ. ನೀರಿನೊಳಗೆ ಅವಳ ಕೈ, ಕೈಯಲ್ಲಿ ತೋಳುದ್ದದ ಮೀನು, ಹರಿವಿಗೆ ಎದುರಾಗಿ ಮುಖ ಮಾಡಿಸಿ ಹಿಡಿದಿದ್ದಾಳೆ, ಒಂದು ಕಡೆಯ ಕಿವಿರಿನ ಮುಚ್ಚಳ ಹರಿದು ಒಳಗಿನ ಕೆಂಪು ಕಾಣುತ್ತಿದೆ, ಯಾವುದೋ ಸೀಲ್ ಪ್ರಾಣಿ ಕಚ್ಚಿದ್ದಂತೆ. ಸುಸ್ತಾಗಿರ್ತಾನೆ ಪಾಪ, ಉಸಿರು ಬರೋವರೆಗೂ ಹಿಡ್ಕೊಂಡಿರಬೇಕು, ಈಗ ನೋಡಿ, ಈಗ — ಅವಳ ಬೆರಳುಗಳು ಒಂದೊಂದೇ ಬಿಚ್ಚಿಕೊಳ್ಳುತ್ತವೆ, ಕಿರುಬೆರಳು ಮೊದಲು, ಹೆಬ್ಬೆರಳು ಕೊನೆಗೆ, ಅಂಗೈ ಪೂರ್ತಿ ತೆರೆದಿದೆ, ಮೀನು ಹೋಗುವುದಿಲ್ಲ. ತೆರೆದ ಅಂಗೈ ಮೇಲೆ ಹಾಗೇ ನಿಂತಿದೆ. ಅಲ್ಲಿಗೆ ವಿಡಿಯೋ ಮುಗಿಯುತ್ತದೆ. ಬಿಟ್ಟ ಮೇಲೂ ಯಾಕೆ ಹೋಗಲಿಲ್ಲ ಎಂದು ಕೇಳಿದ್ದೆ, ನಾವು ಬಿಡೋದೇನಿಲ್ಲ ರೀ, ನಾವು ಬೆರಳು ತೆಗೀಬೇಕು ಅಷ್ಟೆ, ಹೋಗೋದು ಇರೋದು ಅವನಿಗೆ ಸೇರಿದ್ದು. ಅವನನ್ನು ಇನ್ನೊಂದು ಸಲ ನೋಡಬೇಕು ಎಂಬ ಆಸೆ ಇತ್ತು ಅವಳಿಗೆ, ಆಸ್ಪತ್ರೆಯ ಹಾಸಿಗೆಯಲ್ಲೂ ಇತ್ತು, ಈ ವಸಂತಕ್ಕೆ ಬಂದಿರ್ತಾನೆ ರೀ ಎನ್ನುತ್ತಿದ್ದಳು, ನೆಂಟರ ಹುಡುಗ ಬರುತ್ತಾನೆ ಎನ್ನುವ ಹಾಗೆ, ನನ್ನದೊಂದು ಹಿಡಿ ಬೂದಿ ಅವನ ನೀರಿಗೂ ಬಿಡಿ ಎಂದೂ ಹೇಳಿದ್ದಳು. ಅವಳು ಹೋದ ಮೇಲೆ ಆ ವಿಡಿಯೋವನ್ನು ಎಷ್ಟು ಸಲ ನೋಡಿದೆನೋ, ಪ್ರತಿ ಸಲವೂ ಇವತ್ತು ಹೋಗುತ್ತದೆ ಎಂದುಕೊಳ್ಳುತ್ತೇನೆ, ಹೋಗುವುದಿಲ್ಲ.

ನೀರು ತೊಡೆಗೆ ತಾಗಿತು. ಉಬ್ಬರ ಏರುತ್ತಿದೆ, ಅದಕ್ಕೇ, ಯೆಲ್ಲೆ ಹೇಳಿದ್ದ, ನೀರು ಏರಲು ಶುರುವಾದ ಮೇಲೆ ಪೂಜೆ ಬೇಗ ಮುಗಿಸಿ ಹೊರಡು ಶೇಷ್, ಈ ಬಯಲಿನಲ್ಲಿ ನೀರಿಗೆ ಸಮಾಧಾನ ಇಲ್ಲ. ಒಳ್ಳೆಯ ಮನುಷ್ಯ, ನಮ್ಮ ಶಾಸ್ತ್ರಕ್ಕೆ ಅಡ್ಡ ಬರಬಾರದೆಂದು ತಾನೇ ಒಡ್ಡಿನ ಬುಡಕ್ಕೆ ಹೋಗಿ ನಿಂತ, ಕೈಯಲ್ಲಿ ತುತ್ತೂರಿಯಂಥದ್ದೊಂದು, ಪಕ್ಕದಲ್ಲಿ ಸಮೀಕ್ಷಾ, ಹಳದಿ ಜಾಕೆಟ್ಟಿನಲ್ಲಿ. ನನ್ನ ಮಗಳು. ಮಾಸ್ಟ್ರಿಕ್ಟಿನಿಂದ ರೈಲು ಹಿಡಿದು, ಪರೀಕ್ಷೆ ಮುಂದೆ ಹಾಕಿಸಿಕೊಂಡು ಬಂದಳು, ಅಪ್ಪ ಒಬ್ಬನೇ ಹೋಗೋದು ಬೇಡ ಎಂದು. ಬೆಳಗ್ಗೆ ಲಾಡ್ಜಿನ ಮೊಗಸಾಲೆಯಲ್ಲಿ ನಾನು ರಬ್ಬರ್ ಪ್ಯಾಂಟಿನ ಪಟ್ಟಿ ಬಿಗಿಯುತ್ತಿರುವಾಗ, ಗೋಡೆಯ ಗೂಟದಲ್ಲಿ ಸರಳೆಯ ಪ್ಯಾಂಟು ಇನ್ನೂ ನೇತಾಡುತ್ತಿತ್ತು, ಮೊಣಕಾಲು ಮಡಿಚಿದ ಆಕಾರದಲ್ಲೇ, ಸಮೀಕ್ಷಾ ಅದನ್ನು ನೋಡದೆ ನನ್ನನ್ನೇ ನೋಡುತ್ತಾ ಕೇಳಿದಳು, ಅಪ್ಪ, ನೀನು ವಾಪಸ್ ಬರ್ತೀಯ ತಾನೇ. ಇದೇನು ಪ್ರಶ್ನೆ ಎಂದೆ. ಜಸ್ಟ್ ಸೇ ಇಟ್, ಅಪ್ಪ. ಅವಳಿಗೆ ಗೊತ್ತು, ಹನ್ನೆರಡನೆಯ ದಿನ ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಾ ನಾನೂ ಸರಳೆಯ ಜೊತೆಗೇ ಹೋಗಿಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ನಾನು ಗೋಡೆಗೆ ಹೇಳಿದ್ದು ಬಾಗಿಲಲ್ಲಿ ನಿಂತಿದ್ದ ಅವಳ ಕಿವಿಗೆ ಬಿದ್ದಿತ್ತು, ಅವತ್ತಿನಿಂದ ನನ್ನನ್ನು ಒಲೆಯ ಮೇಲಿಟ್ಟ ಹಾಲಿನಂತೆ ಕಾಯುತ್ತಿದ್ದಾಳೆ. ಬರ್ತೀನಿ ಮಗು ಎಂದೆ, ಟೀ ಹೊತ್ತಿಗೆ ಬಂದುಬಿಡ್ತೀನಿ, ಈ ಜನ ಕೊಡುವ ಬಿಸ್ಕತ್ತು ಎತ್ತಿಟ್ಟಿರು. ಅವಳಿಗೆ ಈಗ ನಾನೊಬ್ಬನೇ, ಬಂದೇ ಬರಬೇಕು, ಅದಕ್ಕೇ ನಡೆಯುತ್ತಿದ್ದೇನೆ, ತಪ್ಪಿಲ್ಲದೆ ನಡೆಯುತ್ತಿದ್ದೇನೆ. ಶಾಸ್ತ್ರವನ್ನೂ ತಪ್ಪಿಲ್ಲದೆ ಮಾಡಿದೆ, ಸ್ವೆಟರಿನೊಳಗೆ ಕೈ ತೂರಿಸಿ ಜನಿವಾರ ಎಡಕ್ಕೆ ಹಾಕಿಕೊಂಡೆ, ತುರ್ಕಿಯವನ ಅಂಗಡಿಯ ಎಳ್ಳು, ದಕ್ಷಿಣಕ್ಕೆ ಮುಖ ಮಾಡಿ ಎಂದಿದ್ದರು ಜೋಯಿಸರು, ಹೋದೋರ ದಿಕ್ಕು ಅದು, ಎಲ್ಲೇ ಇರಿ, ದಕ್ಷಿಣಕ್ಕೇ ಮುಖ. ದಿಕ್ಕು ಹುಡುಕಲು ಒದ್ದಾಡಲಿಲ್ಲ, ಇಲ್ಲಿ ದಿಕ್ಕು ತಪ್ಪುವ ಮಾತೇ ಇಲ್ಲ ಎಂದಿದ್ದ ಯೆಲ್ಲೆ, ಉತ್ತರಕ್ಕೆ ಸಮುದ್ರ, ದಕ್ಷಿಣಕ್ಕೆ ಒಡ್ಡು, ಒಡ್ಡಿನಾಚೆ ಚರ್ಚಿನ ಗೋಪುರ. ಗೋಪುರದ ಕಡೆಗೆ ಮುಖ ಮಾಡಿ ನಿಂತೆ, ಕಣ್ಣು ಮುಚ್ಚಿದೆ, ಗೋತ್ರ ಹೇಳಿ ಹೆಸರು ಹೇಳಿ ಡಬ್ಬಿ ಬಗ್ಗಿಸಿದೆ, ಬೂದಿ ನೀರಿಗೆ ಬಿದ್ದ ಸದ್ದು ಕೂಡ ಆಗಲಿಲ್ಲ. ಕಣ್ಣು ಬಿಟ್ಟರೆ ಗೋಪುರ ಇಲ್ಲ, ಒಡ್ಡಿಲ್ಲ, ಮಗಳಿಲ್ಲ. ಎಲ್ಲಿ ನೋಡಿದರೂ ಮಂಜು. ವಸಂತದಲ್ಲಿ ಹೀಗೆ ಒಮ್ಮೆಲೇ ಏಳುತ್ತದಂತೆ, ಝೇಫ್ಲಾಮ್ ಎನ್ನುತ್ತಾರೆ, ಕಡಲ ಜ್ವಾಲೆ, ಇಷ್ಟು ತಣ್ಣಗಿರುವುದಕ್ಕೆ ಜ್ವಾಲೆ ಎಂದು ಹೆಸರಿಟ್ಟವನನ್ನು ಹಿಡಿದು ಕೇಳಬೇಕು. ಹೆದರಲಿಲ್ಲ. ಬೂದಿ ಬಿಟ್ಟ ಕಡೆಗೆ ಬೆನ್ನು ಹಾಕಿದೆ, ಪಶ್ಚಿಮವಾಹಿನಿಯಲ್ಲಿ ಹಾಕಿದ ಹಾಗೇ, ಹೊರಟೆ, ನಡೆಯುತ್ತಿದ್ದೇನೆ.

ಅವಳ ಗಾಳದ ಕೋಲು ನನ್ನ ಹೆಗಲ ಮೇಲಿದೆ, ಅದರ ದಾರ ಹಿಂದೆ ನೀರಲ್ಲಿದೆ, ದಾರ ಸುತ್ತಿದ ರೀಲು ಟಿಕ್ ಟಿಕ್ ಎಂದು ಒಂದೊಂದೇ ಸುತ್ತು ಬಿಟ್ಟುಕೊಡುತ್ತಿದೆ. ದಾರದ ತುದಿಯಲ್ಲಿ ಅವಳ ನೊಣ. ಕೊನೆಯ ನೊಣ. ನೊಣ ಓಡಿಸೋರನ್ನ ನೋಡಿದೀನಿ, ಕೂತು ಕಟ್ಟೋರನ್ನ ನಿನ್ನೊಬ್ಬಳನ್ನೇ ಎಂದು ರೇಗಿಸುತ್ತಿದ್ದೆ, ಊಟದ ಮೇಜಿನ ಮೇಲೆ ಸಣ್ಣ ಇಕ್ಕಳದಲ್ಲಿ ಗಾಳ ಸಿಕ್ಕಿಸಿ, ಕನ್ನಡಕ ಮೂಗಿನ ತುದಿಗೆ ಜಾರಿಸಿ, ಗರಿ, ಜರಿ, ಮೊಲದ ತುಪ್ಪಳ ಸುತ್ತಿ ಸುತ್ತಿ ಮೀನಿನ ಕಣ್ಣಿಗೆ ಹುಳ ಎನಿಸುವಂಥದ್ದನ್ನು ಮಾಡುವುದು, ಸಾರಿನಲ್ಲಿ ನವಿಲುಗರಿ ಸಿಕ್ಕಿದ್ದೂ ಉಂಟು. ಔಷಧಿ ಶುರುವಾಗಿ ಕೂದಲು ಉದುರತೊಡಗಿತು, ದಿಂಬಿನ ಮೇಲೆ, ಬಚ್ಚಲಲ್ಲಿ, ಅಷ್ಟುದ್ದದ ಕೂದಲು, ನಾನು ನೋಡಲಾರದೆ ಆಚೆ ಹೋಗಿಬಿಡುತ್ತಿದ್ದೆ, ಅತ್ತೆ ನಾಗಮಣಿ ಅವರು ಫೋನಿನಲ್ಲಿ, ಉದುರಿದ್ದನ್ನ ಸಿಕ್ಕಸಿಕ್ಕಲ್ಲಿ ಬಿಸಾಡಬೇಡ್ವೇ, ಬೆರಳಿಗೆ ಸುತ್ತಿ ಥೂ ಥೂ ಅಂದು ಎತ್ತಿಡು, ಯಾರ ಕೈಗೂ ಸಿಗಬಾರದು. ಅವಳು ಒಂದೂ ಬಿಡದೆ ಎತ್ತಿಟ್ಟಳು. ನಮ್ಮ ಬೀದೀಲಿ ಕೂದಲು ತಗೊಂಡು ಪಿನ್ನು ರಿಬ್ಬನ್ನು ಕೊಡೋಳು ಬರ್ತಿದ್ದಳು ರೀ, ಇಲ್ಲಿ ಯಾರೂ ಬರಲ್ವಲ್ಲ, ಅದಕ್ಕೆ ಇದನ್ನ ಮಾಡ್ದೆ, ಎಂದು ಒಂದು ಸಂಜೆ ಅಂಗೈ ಬಿಚ್ಚಿ ತೋರಿಸಿದಳು, ಕರ್ರಗಿನ ನೊಣ, ಸೊಂಟಕ್ಕೆ ಬೆಳ್ಳಿ ಜರಿಯ ಒಂದೇ ಸುತ್ತು, ಉಳಿದದ್ದೆಲ್ಲ ಅವಳ ಕೂದಲು, ಇಷ್ಟು ಕಪ್ಪು ಇವರ ಅಂಗಡೀಲಿ ಸಿಗಲ್ಲ, ಮಂಜಲ್ಲೂ ಕಾಣತ್ತೆ ಅವನಿಗೆ. ಬೂದಿಯ ಜೊತೆ ಅದೂ ಹೋಗಬೇಕು ಎಂದು ನನ್ನ ಲೆಕ್ಕ, ಅವಳದ್ದು ಏನೂ ಉಳಿಯಬಾರದು, ಬೂದಿ ಹರಡಿದಲ್ಲೇ ನೊಣವನ್ನು ನೀರಿಗಿಟ್ಟೆ, ದಾರ ಕತ್ತರಿಸಬೇಕು, ಕತ್ತರಿ ಜೇಬಲ್ಲೇ ಇದೆ, ಕೈ ಬರಲಿಲ್ಲ. ಇನ್ನೊಂದು ಸ್ವಲ್ಪ ದೂರ ಹೋಗಿ ಕತ್ತರಿಸೋಣ ಎಂದುಕೊಂಡೆ, ಹಾಗೇ ಬಂದೆ, ಈಗ ಹಿಂದೆ ದಾರ ಎಳೆಯುತ್ತಿದೆ, ಹಗುರಾಗಿ, ಧಾರೆಯ ದಿನ ನನ್ನ ಶಲ್ಯಕ್ಕೆ ಅವಳ ಸೆರಗು ಗಂಟು ಹಾಕಿ ಅಗ್ನಿ ಸುತ್ತಿಸಿದಾಗ ಎಳೆದಷ್ಟೇ ಹಗುರಾಗಿ, ಅವತ್ತೂ ಹಿಂದೆ ತಿರುಗಿ ನೋಡಲು ನಾಚಿಕೆಯಾಗಿ ಮುಂದೆ ನೋಡುತ್ತಲೇ ನಡೆದಿದ್ದೆ. ಅವಳು ಹಿಂದೆ ಬರುತ್ತಿದ್ದಾಳೆ ಎಂದು ಆ ಎಳೆತದಿಂದಲೇ ತಿಳಿಯುತ್ತಿತ್ತು.

ತುತ್ತೂರಿ. ಎಲ್ಲಿಂದ ಎಂದು ಹೇಳಲಾಗದು, ಮಂಜಿನಲ್ಲಿ ಸದ್ದು ಎಲ್ಲ ಕಡೆಯಿಂದ ಬರುತ್ತದೆ, ಅಥವಾ ಹಿಂದಿನಿಂದ — ಇಲ್ಲ, ಹಿಂದಿನಿಂದ ಬರಲು ಸಾಧ್ಯವಿಲ್ಲ, ಯೆಲ್ಲೆ ಇರುವುದು ಮುಂದೆ, ಒಡ್ಡಿನ ಬುಡದಲ್ಲಿ. ಇನ್ನೊಮ್ಮೆ ಊದಿತು. ಹಿಂದಿನಿಂದಲೇ. ಆಮೇಲೆ ಅವನ ದನಿ, ಶೇಷ್, ಟೆರುಖ್, ಕೋಮ್ ಟೆರುಖ್, ವಾಪಸ್ ಬಾ ಎಂದರ್ಥ, ಅವನ ದನಿಯೇ, ಅದೇ ದಪ್ಪ, ಅದೇ ಗಂಟಲಿನ ಗೊರಗೊರ, ಬೆನ್ನ ಹಿಂದಿನಿಂದ. ಕರೀತಾರೆ, ಹೇಳಿದ್ದರಲ್ಲ. ಜೋಯಿಸರು ಅಲ್ಲಿ ಪಂಚೆ ಕೊಡವಿಕೊಂಡು ಹೇಳಿದಾಗ ಒಳಗೊಳಗೇ ನಕ್ಕಿದ್ದೆ, ಈಗ ನಗು ಎಲ್ಲಿ ಹೋಯಿತು ಶೇಷಾದ್ರಿ, ಒಬ್ಬ ಡಚ್ಚಿನವನ ದನಿಗೆ ನಿನ್ನ ಮನಸ್ಸು ಕರಗುತ್ತದೆಯೇ, ಇಲ್ಲ, ಹಾಗಾದರೆ ಕರೆಯುತ್ತಿರುವುದು ಬೇರೆ ಏನೂ ಅಲ್ಲ, ಸುಮ್ಮನೆ ಮಂಜಿನ ಆಟ, ನಡೆ. ನೀರು ಸೊಂಟಕ್ಕೆ ಬಂತು. ಉಬ್ಬರ. ಉಬ್ಬರವೇ ಇರಬೇಕು, ಒಡ್ಡಿಗೆ ಹತ್ತಿರವಾದರೆ ನೀರು ಇಳಿಯಬೇಕಲ್ಲ ಎಂದು ಒಳಗೆ ಯಾರೋ ಕೇಳುತ್ತಿದ್ದಾರೆ, ಉಬ್ಬರ ನಾನು ನಡೆಯುವುದಕ್ಕಿಂತ ಬೇಗ ಏರುತ್ತಿರಬಹುದು ಎಂದು ಇನ್ನೊಬ್ಬ ಉತ್ತರ ಕೊಡುತ್ತಿದ್ದಾನೆ, ಎರಡೂ ನಾನೇ, ಕಚೇರಿಯಲ್ಲಾದರೆ ಎರಡು ಅಳತೆ ಹೊಂದದಿದ್ದಾಗ ಯಂತ್ರ ನಿಲ್ಲಿಸಿ ಅಂತ ಕೂಗುವವನೂ ನಾನೇ. ಮರಳು ಮೆತ್ತಗಾಗಿದೆ, ಕಾಲು ಕೊಂಚ ಹೂತುಕೊಳ್ಳುತ್ತಿದೆ. ಬರುವಾಗ ಎಲ್ಲೂ ಹೂತುಕೊಳ್ಳಲಿಲ್ಲ. ಒಂದು ಹಕ್ಕಿ ಹತ್ತಿರದಲ್ಲೇ ಉದ್ದಕ್ಕೆ ಸಿಳ್ಳು ಹಾಕಿ ಸುಮ್ಮನಾಯಿತು, ರೀಲೂ ಸುಮ್ಮನಾಯಿತು, ಆಮೇಲೆ ಇದ್ದ ಸದ್ದು ನನ್ನ ಉಸಿರಿನದ್ದು ಮಾತ್ರ. ಆಗ ಕೇಳಿಸಿತು. ಅಪ್ಪಾ. ಹಿಂದಿನಿಂದ. ಸಮೀಕ್ಷಾ. ನನ್ನ ಮಗಳು ಹುಟ್ಟಿದಾಗಿನಿಂದ ಕೇಳಿದ ದನಿ, ಎರಡನೇ ಅಕ್ಷರವನ್ನು ಕೊಂಚ ಎಳೆಯುವ ದನಿ, ಅಪ್ಪಾ ಪ್ಲೀಸ್, ಅಪ್ಪಾ ಈ ಕಡೆ. ದೇವರೇ. ಇದಕ್ಕೆ ಕರಗುತ್ತದೆ ಮನಸ್ಸು, ಲೋಕದಲ್ಲಿ ಉಳಿದಿರುವುದರಲ್ಲಿ ಇದೊಂದಕ್ಕೇ ಕರಗುತ್ತದೆ, ಅದಕ್ಕೇ ಈ ದನಿಯಲ್ಲಿ ಕರೆಯುತ್ತಿದ್ದಾಳೆ, ಸರಳಾ, ಬೇಡ, ಮಗಳ ದನಿ ಎತ್ತಿಕೊಳ್ಳಬೇಡ, ತಿರುಗಿದರೆ ನಿನಗೇ ಗತಿ ಇಲ್ಲವಂತೆ, ನಿನ್ನ ಮಾತನ್ನು ಒಂದನ್ನಾದರೂ ನೆಟ್ಟಗೆ ನಡೆಸಿಕೊಡುತ್ತೇನೆ ಬಿಡು.

ಅದೇ ಹೊತ್ತಿಗೆ ಎಳೆಯಿತು. ಮೊದಲು ಒಂದು ಸಲ, ಹಿಂದಿನಿಂದ, ಸೆರಗು ಬಾಗಿಲಿಗೆ ಸಿಕ್ಕಿಕೊಂಡಂತೆ, ಹೆಗಲ ಮೇಲಿನ ಕೋಲು ಹಿಂದಕ್ಕೆ ಬಾಗಿತು, ನಾನು ನಿಂತೆ, ತಿರುಗಲಿಲ್ಲ, ಎರಡೂ ಕೈಯಲ್ಲಿ ಕೋಲಿನ ಹಿಡಿಯನ್ನು ಅವಚಿಕೊಂಡೆ, ಇನ್ನೊಂದು ಸಲ ಎಳೆಯಿತು, ಈ ಸಲ ಕೈಯ ಮೂಳೆಗೇ ತಾಗಿತು, ಜೀವ ಇರುವ ಎಳೆತ, ಬೂದಿ ಬಿಟ್ಟ ಜಾಗದಿಂದ, ಇಂಗಿನ ವಾಸನೆ ಹಿಡಿದು ಬಂದದ್ದು. ವಾಸನೆ ಹಿಡಿದೇ ಮನೆ ಸೇರೋದು ರೀ ಇವು. ರೀಲು ಕಿರುಚಿಕೊಂಡಿತು. ದಾರ ಹಿಂದಿನಿಂದ ಪಕ್ಕಕ್ಕೆ ಬಂತು, ನನ್ನ ಬಲಗಡೆಯ ನೀರನ್ನು ಸೀಳುತ್ತಾ ಬಂತು, ನೀರಿನ ಮೇಲೆ ಗೆರೆ, ಗೆರೆಯ ಮುಂದೆ ನೀರೊಳಗೆ ಉದ್ದನೆಯ ಏನೋ ಒಂದು ನನ್ನ ತೊಡೆಯನ್ನು ಸವರಿಕೊಂಡೇ ಹೋಯಿತು, ರಬ್ಬರಿನ ಮೇಲೂ ತಿಳಿಯಿತು, ಹೋಗಿ ನನ್ನ ಮುಂದಾಯಿತು, ಮುಂದಿನ ಬಿಳುಪಿನೊಳಕ್ಕೆ ನೇರ ಓಡಿತು, ನಿಲ್ಲದೆ ಓಡುತ್ತಿದೆ, ರೀಲಿನ ಹೊಟ್ಟೆ ಬರಿದಾಗುತ್ತಿದೆ. ಎಷ್ಟು ಚೆನ್ನಾಗಿ ಓಡುತ್ತಾನೆ ನೋಡು ಸರಳಾ ಎಂದು ಬಾಯಿಬಿಟ್ಟೇ ಹೇಳಿದೆ. ಅವಳೇ ಹೇಳುತ್ತಿದ್ದಳಲ್ಲ, ಸೋಫಾದಲ್ಲಿ ಕಾಲು ಮಡಿಚಿ ಕೂತು, ಗಾಳ ತಾಗಿದ ಕೂಡಲೆ ದಡದ ಕಡೆಗೆ ಓಡೋ ದಡ್ಡ ಅಲ್ಲ ಅವನು, ಬಂದ ದಾರಿಗೇ ಓಡ್ತಾನೆ, ಸಮುದ್ರಕ್ಕೆ, ಆಳಕ್ಕೆ, ಕಣ್ಣು ಮುಚ್ಚಿ ಹೇಳಬಹುದು. ಸಮುದ್ರಕ್ಕೆ. ಮೀನು ಓಡುತ್ತಿರುವುದು ನಾನು ನಡೆಯುತ್ತಿದ್ದ ದಿಕ್ಕಿಗೆ. ನಾನು ನಡೆಯುತ್ತಿದ್ದ ದಿಕ್ಕು — ಗೋಪುರದ ಕಡೆಗೆ ಮುಖ ಮಾಡಿ ನಿಂತೆ, ದಕ್ಷಿಣಕ್ಕೆ, ಒಡ್ಡಿನ ಕಡೆಗೆ, ಮಗಳ ಕಡೆಗೆ ಮುಖ ಮಾಡಿ ನಿಂತು ಬೂದಿ ಬಿಟ್ಟೆ, ಬಿಟ್ಟು ಅದಕ್ಕೆ ಬೆನ್ನು ಹಾಕಿದೆ. ಪಶ್ಚಿಮವಾಹಿನಿಯಲ್ಲಿ ನೀರಿಗೆ ಮುಖ ಮಾಡಿದ್ದೆ, ತಿರುಗಿದರೆ ಮೆಟ್ಟಿಲು, ಮೆಟ್ಟಿಲ ಮೇಲೆ ಜನ. ಇಲ್ಲಿ ನೆಲಕ್ಕೆ ಮುಖ ಮಾಡಿದ್ದೆ, ತಿರುಗಿದರೆ ಸಮುದ್ರ. ಅಷ್ಟೂ ಹೊತ್ತು ಸಮುದ್ರದೊಳಕ್ಕೆ ನಡೆದಿದ್ದೇನೆ, ಒಂದು ಹೆಜ್ಜೆಯನ್ನೂ ತಪ್ಪಿಸದೆ, ಬೆನ್ನ ಹಿಂದೆ ಕೂಗುತ್ತಿದ್ದದ್ದು ಯೆಲ್ಲೆಯೇ, ಅಪ್ಪಾ ಎನ್ನುತ್ತಿದ್ದದ್ದು ನನ್ನ ಮಗಳೇ, ಆ ಹುಡುಗಿ ಎಷ್ಟು ಹೊತ್ತಿನಿಂದ ಗಂಟಲು ಹರಿದುಕೊಳ್ಳುತ್ತಿದ್ದಾಳೋ, ನಾನು ಅವಳನ್ನು ಪಿಶಾಚಿ ಮಾಡಿ ಕೂರಿಸಿದೆ.

ಅಥವಾ ಅಲ್ಲ. ಇದೂ ಒಂದು ಉಪಾಯವಾಗಿದ್ದರೆ, ತಿರುಗಿಸುವುದಕ್ಕೆ ಹೂಡಿದ್ದಾದರೆ. ನೀರು ಹೊಟ್ಟೆಯ ಮೇಲಿದೆ, ಯೋಚಿಸುವ ಹೊತ್ತಲ್ಲ ಇದು, ಯೋಚಿಸುತ್ತಿದ್ದೇನೆ. ರೀಲು ತಾನಾಗಿ ನಿಂತಿತು. ದಾರ ಸಡಿಲವಾಯಿತು, ಮೀನು ವಾಪಸ್ ಬರುತ್ತಿದೆ, ನಾನು ಎಳೆಯಲಿಲ್ಲ, ಎಳೆಯುವುದು ನನಗೆ ಬರುವುದೂ ಇಲ್ಲ, ಮಂಜಿನೊಳಗಿಂದ ಅದಾಗಿಯೇ ಬಂತು, ನಿಧಾನಕ್ಕೆ, ನನ್ನ ಮುಂದೆ ಮೈ ಹೊರಳಿಸಿ ನಿಂತಿತು. ತೋಳುದ್ದ, ಬೆಳ್ಳಿ, ಬೆನ್ನ ಮೇಲೆ ಕರಿಚುಕ್ಕೆ. ಕಿವಿರಿನ ಮುಚ್ಚಳ ಹರಿದಿದೆ, ಒಳಗಿನ ಕೆಂಪು ಉಸಿರಾಡುತ್ತಿದೆ. ಬಂದಿದ್ದಾನೆ ಸರಳಾ, ನೀನು ಹೇಳಿದ ಹಾಗೇ ಈ ವಸಂತಕ್ಕೆ ಬಂದಿದ್ದಾನೆ, ಎಂದೆ, ಐವತ್ತು ದಾಟಿದ ಗಂಡಸು ಸಮುದ್ರದ ನಡುವೆ ಮೀನಿನ ಎದುರು ಬಿಕ್ಕಿ ಬಿಕ್ಕಿ ಅತ್ತೆ. ಕೋಲು ಕಂಕುಳಿಗೆ ಸಿಕ್ಕಿಸಿ ಬಲಗೈ ಅವನ ಹೊಟ್ಟೆಯ ಕೆಳಗೆ ತೂರಿಸಿದೆ, ವಿಡಿಯೋದಲ್ಲಿ ಅವಳು ತೂರಿಸಿದಂತೆ, ಎಷ್ಟು ತಣ್ಣಗಿದೆ, ಎಷ್ಟು ಭಾರ, ಬಾಯಂಚಿನಲ್ಲಿದ್ದ ಗಾಳ ಮುಟ್ಟಿದ ಕೂಡಲೆ ಜಾರಿತು, ಮೀನಿನ ಬಾಯಿ ಹರಿಯದಿರಲೆಂದು ಅವಳು ಹಿಮ್ಮುಳ್ಳು ಉಜ್ಜಿ ತೆಗೆದಿದ್ದ ಗಾಳ. ಗಾಳ ಮಾತ್ರ. ಜರಿಯ ಸುತ್ತು ಇದೆ, ಕೂದಲಿಲ್ಲ, ಒಂದು ಎಳೆಯೂ ಇಲ್ಲ. ಮೀನಿನ ಬಾಯಿ ನಿಧಾನಕ್ಕೆ ಮುಚ್ಚಿತು. ಅಪ್ಪಾ. ದನಿ ಒಡೆದಿದೆ ಈಗ, ಇನ್ನು ಕೂಗಲಾರದವರ ದನಿ, ದೆವ್ವಗಳ ಗಂಟಲು ಹೀಗೆ ಒಡೆಯುವುದಿಲ್ಲ, ಒಡೆದರೂ ಸರಿ, ಅವಳಿಗೆ ಬರ್ತೀನಿ ಎಂದಿದ್ದೇನೆ. ಬೆರಳು ಬಿಚ್ಚಿದೆ. ಕಿರುಬೆರಳು ಮೊದಲು. ಹೆಬ್ಬೆರಳು ಕೊನೆಗೆ. ಅಂಗೈ ಪೂರ್ತಿ ತೆರೆದೆ, ಹೋಗು, ಎಂದೆ, ಅದು ಹೋಗಲಿಲ್ಲ, ಕಾಯಲು ಸಮಯವಿಲ್ಲ ಕಣೋ, ಕೋಲು ಬಿಟ್ಟೆ, ಅದು ಮುಳುಗಿತು, ಜೋಯಿಸರೇ ಕ್ಷಮಿಸಿ ಎಂದುಕೊಂಡು ಹಿಂದಕ್ಕೆ ತಿರುಗಿದೆ.

ಬಿಳಿ. ಅಷ್ಟೆ. ಏನೂ ಇರಲಿಲ್ಲ, ನೋಡಬಾರದ್ದು ಏನೂ ಇರಲಿಲ್ಲ, ಬರೀ ಮಂಜು. ಬರ್ತಿದೀನಿ ಎಂದು ಕೂಗಿದೆ, ಸಮೀಕ್ಷಾ, ಕೂಗ್ತಾ ಇರು ಮಗು, ನಿಲ್ಲಿಸಬೇಡ, ಅವಳು ನಿಲ್ಲಿಸಲಿಲ್ಲ, ಅಪ್ಪಾ ಅಪ್ಪಾ ಎಂದು ಒಂದೇ ಸಮ, ಆ ದನಿಯನ್ನು ಹಿಡಿದು ನಡೆದೆ, ಕಾಲು ಒಂದು ಸಲ ಪೂರ್ತಿ ಹೂತು ನೀರು ಎದೆಗೆ ಬಂತು, ಪ್ಯಾಂಟಿನೊಳಕ್ಕೆ ನುಗ್ಗಿತು, ಕಾಲು ಕಿತ್ತುಕೊಂಡೆ, ನಡೆದೆ, ಸೊಂಟ, ತೊಡೆ, ಇಳಿಯುತ್ತಿದೆ, ನಿಜಕ್ಕೂ ಇಳಿಯುತ್ತಿದೆ, ಮರಳು ಗಟ್ಟಿಯಾಯಿತು, ಬೂದಿ ಬಿಟ್ಟ ಜಾಗವನ್ನು ದಾಟಿದೆನೋ ಏನೋ, ಇಂಗು ಮೂಗಿಗೆ ಬಡಿಯಿತು. ಈಗ ಮುಂದೆ ಒಂದು ಹಳದಿ ಕಾಣುತ್ತಿದೆ, ಮಂಜಿನಲ್ಲಿ ಕಲೆಯಂತೆ, ಜಾಕೆಟ್ಟು, ಪಕ್ಕದಲ್ಲಿ ಎತ್ತರದ ಯೆಲ್ಲೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅವರೇ ನೀರಿಗಿಳಿದು ಬರುತ್ತಿದ್ದಾರೆ, ಅವಳು ಅಳುತ್ತಿದ್ದಾಳೆ, ಬೈಯುತ್ತಿದ್ದಾಳೆ, ಯೂ ಪ್ರಾಮಿಸ್ಡ್ ಅಪ್ಪ, ಬೈಯಲಿ, ಬದುಕಿರುವ ಮಗಳು ಬದುಕಿರುವ ಅಪ್ಪನಿಗೆ ಬೈಯುತ್ತಿದ್ದಾಳೆ, ಇದಕ್ಕಿಂತ ಇನ್ನೇನು ಬೇಕು. ಮೊಣಕಾಲು. ಈಗ ಪಾದ ಮುಚ್ಚುವಷ್ಟೇ ನೀರು. ಬಲಗೈ ಪಕ್ಕಕ್ಕೆ ಇಳಿಬಿಟ್ಟಿದ್ದೇನೆ, ತಿರುಗಿದಾಗ ಹೇಗಿತ್ತೋ ಹಾಗೇ, ಅಂಗೈ ಮೇಲಾಗಿ, ಬೆರಳು ಬಿಚ್ಚಿಕೊಂಡು, ನೀರು ಆ ಕೈಯನ್ನು ಬಿಟ್ಟು ಎಷ್ಟೋ ಹೊತ್ತಾಯಿತು, ಬರೀ ಗಾಳಿಯಲ್ಲಿದೆ ಅದು. ಅವನ ಭಾರ ಇಳಿದಿಲ್ಲ. ತಣ್ಣಗೆ, ತೋಳುದ್ದಕ್ಕೆ, ನಾನು ನಡೆಯುವ ಕಡೆಗೇ ಮುಖ ಮಾಡಿಕೊಂಡು. ಏನದು ಕೈಲಿ ಎಂದು ಸಮೀಕ್ಷಾ ಕೇಳುತ್ತಿದ್ದಾಳೆ. ಹಿಂದೆ ನೋಡಿದ್ದಾಯಿತು, ಕೆಳಗೆ ನೋಡುವುದಿಲ್ಲ. ಬೆರಳು ಬಿಚ್ಚಿದ್ದೇನೆ. ಕಿರುಬೆರಳು, ಹೆಬ್ಬೆರಳು, ಎಲ್ಲ ಬಿಚ್ಚಿದ್ದೇನೆ. ತೆರೆದ ಅಂಗೈ. ಹೋಗುತ್ತಿಲ್ಲ.